ಇದೆಯೆ ಎಂದು ಕೇಳಿದರೆ ಸಾಲದು

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಚೀಲದ ಮೇಲಿನ ಹೆಸರನ್ನು ಓದಿ ಯಾರೂ ಮಾಲು ಕೊಳ್ಳುವುದಿಲ್ಲ. ಚಾಲಿಯಾಗಲಿ ರಾಶಿಯಾಗಲಿ, ಒಂದೆರಡು ಅಡಿಕೆಯನ್ನು ಕತ್ತರಿಸಿ ಒಳಗನ್ನು ನೋಡಿದ ಮೇಲೆಯೇ ಬೆಲೆಯ ಮಾತು. ಗಣಕಯಂತ್ರಗಳಿಗಾಗಿ ತಂತ್ರಾಂಶ ಕಟ್ಟುವವರೂ ಈ ವಿವೇಕವನ್ನು ಪಾಲಿಸಬೇಕೆಂಬುದು ನಮ್ಮ ವಾದ. ಅದರಲ್ಲಿ ಕನ್ನಡಿಗರ ಹಿತವೂ ಅಡಗಿದೆ.

ಬರಹದ ರಾಶಿಯಲ್ಲಿ ಬೇಕಾದುದನ್ನು ಹುಡುಕಲು ಗಣಕಕ್ಕೆ ಕೊಡುವ ಮಾದರಿಗೆ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂದು ಹೆಸರು. ಇಲ್ಲಿ ಅದನ್ನು ಸೂತ್ರವೆಂದು ಕರೆಯೋಣ. ‘ಪುರ ಎಂದು ಮುಗಿಯುವ ಹೆಸರುಗಳನ್ನೆಲ್ಲ ಆರಿಸು’ ಎಂಬುದು ಅಂತಹ ಒಂದು ಸೂತ್ರ. ಸಿದ್ದಾಪುರ, ಯಲ್ಲಾಪುರಗಳು ಅದಕ್ಕೆ ಸಿಕ್ಕುತ್ತವೆ. ಶಿರಸಿ ಹೊರಗೆ ಉಳಿಯುತ್ತದೆ. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿಯವರು 1951ರಲ್ಲಿ ನರಜಾಲಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಕಲ್ಪನೆ ಹುಟ್ಟಿತು. 1968ರಲ್ಲಿ ಕೆನ್ ಟಾಮ್ಸನ್ ಅವರು ಅದನ್ನು ಹುಡುಕುವ ಕೆಲಸಕ್ಕೆ ಹೂಡುವ ಕ್ರಮವನ್ನು ಪ್ರಕಟಿಸಿದರು. 1992ರ ಪಾಸಿಕ್ಸ್ ಮಾನಕ ಅದಕ್ಕೊಂದು ನಿಯತ ರೂಪವನ್ನು ಕೊಟ್ಟಿತು.

ಆದರೆ ಮಾನಕವನ್ನು ಎಲ್ಲ ವ್ಯವಸ್ಥೆಗಳೂ ಒಂದೇ ತೆರನಾಗಿ ಪಾಲಿಸುವುದಿಲ್ಲ. ಆದುದರಿಂದ ತಂತ್ರಾಂಶವನ್ನು ಮೂಲಪಾಠದಿಂದ ಕಟ್ಟುವ ಮುನ್ನ ‘ಕಾನ್ಫಿಗರ್’ ಎಂಬ ಪೂರ್ವಪರೀಕ್ಷೆ ನಡೆಯುತ್ತದೆ. 1991ರಲ್ಲಿ ಹುಟ್ಟಿದ ಆಟೋಕಾನ್ಫ್, ಇಂತಹ ಪರೀಕ್ಷೆಗಳನ್ನು ಸಿದ್ಧಪಡಿಸುವ ಸಾಧನ. ಪರೀಕ್ಷೆಯಲ್ಲಿ ಎರಡು ಬಗೆ. ‘ಸೂತ್ರವನ್ನು ಓದಬಲ್ಲ ಭಾಗ ಈ ವ್ಯವಸ್ಥೆಯಲ್ಲಿದೆಯೆ?’ ಎಂದು ಕೇಳಿ ಸುಮ್ಮನಾಗುವುದು ಒಂದು. ಪುಟ್ಟ ಪ್ರೋಗ್ರಾಮೊಂದನ್ನು ಓಡಿಸಿ, ಕೊಟ್ಟ ಸೂತ್ರಕ್ಕೆ ಸರಿಯಾದ ಉತ್ತರ ಬಂದಿತೆ ಎಂದು ನೋಡುವುದು ಇನ್ನೊಂದು. ಮೊದಲನೆಯದು ಚೀಲದ ಹೆಸರು ಓದಿದಂತೆ. ಎರಡನೆಯದು ಅಡಿಕೆಯನ್ನು ಕತ್ತರಿಸಿದಂತೆ.

ಗ್ನು ಯೋಜನೆಯ ಗ್ನೂಲಿಬ್ ಎಂಬ ಸಂಗ್ರಹ ಎರಡನೆಯ ದಾರಿಯನ್ನು ಹಿಡಿದಿದೆ. ಹಿಂದೆ ಕಂಡುಬಂದ ದೋಷಗಳನ್ನು ಅದು ಒಂದೊಂದಾಗಿ ಮತ್ತೆ ಪರೀಕ್ಷಿಸುತ್ತದೆ. ಉತ್ತರ ತಪ್ಪಾದರೆ ವ್ಯವಸ್ಥೆಯ ಭಾಗವನ್ನು ಬಿಟ್ಟು ತನ್ನದನ್ನೇ ಸೇರಿಸಿಕೊಳ್ಳುತ್ತದೆ. ಹುಡುಕಾಟ ಕೊನೆಯಿಲ್ಲದೆ ಸುತ್ತುತ್ತ ಕುಳಿತರೆ ನಿಲ್ಲಿಸಲು ಅಲಾರಮ್ಮನ್ನೂ ಇಟ್ಟುಕೊಂಡಿದೆ. ಆದರೆ ಕಟ್ಟುವ ಯಂತ್ರ ಒಂದು, ಮುಂದೆ ಓಡಿಸುವ ಯಂತ್ರ ಬೇರೊಂದು ಆದಾಗ ಪರೀಕ್ಷಾ ಪ್ರೋಗ್ರಾಮನ್ನು ಓಡಿಸಲಾಗದು. ಆಗ ಊಹೆಯೇ ಗತಿ.

ಇಷ್ಟೆಲ್ಲ ಎಚ್ಚರವಿದ್ದೂ ಒಂದು ಕೊರತೆ ಉಳಿದಿದೆ. ಗ್ನೂಲಿಬ್ಬಿನ ಪರೀಕ್ಷೆಯಲ್ಲಿ ಅಮೆರಿಕದ ಇಂಗ್ಲಿಷಿನ ಪರಿಸರವನ್ನು ಹೊಂದಿಸಿಕೊಂಡು ನೋಡುವ ಭಾಗವಿದೆ; ಕನ್ನಡದ ಒಂದು ಪದವೂ ಇಲ್ಲ. ಇದರಿಂದ ಕೆಡುವುದೇನು ಎಂದು ವಾಚಕರು ಕೇಳಬಹುದು. ಸೋಂದೆಯ ಬಳಿಯ ಸ್ವರ್ಣವಲ್ಲಿಯ ಹೆಸರನ್ನೇ ತೆಗೆದುಕೊಳ್ಳೋಣ. ಶಾಲೆಯ ಹುಡುಗನನ್ನು ಕೇಳಿದರೆ ಸ್ವ, ರ್ಣ, ವ, ಲ್ಲಿ ಎಂದು ನಾಲ್ಕು ಅಕ್ಷರಗಳನ್ನು ಎಣಿಸುತ್ತಾನೆ. ಯೂನಿಕೋಡಿನ ಲೆಕ್ಕದಲ್ಲಿ ವ್ಯಂಜನ, ವಿರಾಮಚಿಹ್ನೆ, ಗುಣಿತಚಿಹ್ನೆಗಳು ಬೇರೆಬೇರೆಯಾಗಿ 11 ಸಂಕೇತಗಳು. ಸಂಗ್ರಹಿಸುವಾಗ ಪ್ರತಿಯೊಂದಕ್ಕೂ 3 ಬೈಟುಗಳಂತೆ ಒಟ್ಟು 33. ‘ಯಾವುದಾದರೂ ಒಂದು ಅಕ್ಷರ’ ಎಂಬ ಸೂತ್ರವನ್ನು ಕೊಟ್ಟರೆ, ಭಾಷಾ ಪರಿಸರವನ್ನು ಹೊಂದಿಸದ ವ್ಯವಸ್ಥೆಗೆ ಅದು ಬೈಟು. ಹೊಂದಿಸಿದ ವ್ಯವಸ್ಥೆಗೆ ಸಂಕೇತ. ಹುಡುಗನ ಅಕ್ಷರ ಎರಡೂ ಅಲ್ಲ.

ಓದುಗರು ಒಂದೆಂದು ಎಣಿಸುವ ಘಟಕಗಳಿಗಾಗಿ ಯೂನಿಕೋಡಿನಲ್ಲಿ ಬೇರೊಂದು ನಿಯಮವಿದೆ. ಒತ್ತಕ್ಷರವನ್ನು ಒಡೆಯದೆ ಇಡುವ ವಿಧಿಯನ್ನು 2023ರ 15.1ನೆಯ ಆವೃತ್ತಿಯಲ್ಲಿ ಸೇರಿಸಿದಾಗ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಆರು ಲಿಪಿಗಳಿಗೆ ಅದು ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಪ್ರಕಾರ ಸ್ವರ್ಣವಲ್ಲಿಯಲ್ಲಿ 7 ಘಟಕಗಳು. ಹೀಗೆ ಒಂದೇ ಹೆಸರಿಗೆ 33, 11, 7, 4 ಎಂಬ ನಾಲ್ಕು ಎಣಿಕೆಗಳಾದವು!

ತನ್ನದೇ ಸೂತ್ರಯಂತ್ರವನ್ನು ಜೊತೆಯಲ್ಲೇ ತರುವ ಪೈಥಾನ್ ಭಾಷೆಯಲ್ಲಿಯೂ ತೊಡಕು ತಪ್ಪಿಲ್ಲ. ಪದದೊಳಗೆ ಬರುವ ಅಕ್ಷರಗಳ ಗುಂಪಿಗೆ ಅದರ ಮೂಲ ಸೂತ್ರಭಾಗ ವಿರಾಮವನ್ನೂ ಗುಣಿತಚಿಹ್ನೆಗಳನ್ನೂ ಸೇರಿಸುವುದಿಲ್ಲ. ಪರಿಣಾಮವಾಗಿ ಸ್ವರ್ಣವಲ್ಲಿ ಎಂಬುದು ‘ಸ’, ‘ವರ’, ‘ಣವಲ’, ‘ಲ’ ಎಂದು ನಾಲ್ಕು ಚೂರಾಗುತ್ತದೆ. ‘ವರ’ ಎಂಬ ಇಡಿಯ ಪದವನ್ನು ಹುಡುಕಿದವನಿಗೆ ಅದು ಸ್ವರ್ಣವಲ್ಲಿಯ ನಡುವೆ ದೊರೆಯುತ್ತದೆ! ನಗಬಹುದಾದ ಸಂಗತಿಯೇ, ಆದರೆ ಗ್ರಂಥಾಲಯದ ಸೂಚಿಯಲ್ಲೋ ಪಹಣಿಯ ಹೆಸರುಗಳಲ್ಲೋ ಇಂತಹ ಹುಡುಕಾಟ ನಡೆದರೆ ಬೇಡದ ಹೆಸರು ಬಂದೀತು, ಬೇಕಾದುದು ಕೈತಪ್ಪೀತು. ಯಂತ್ರವಾದರೋ ತಪ್ಪಾಯಿತೆಂದು ಹೇಳುವುದಿಲ್ಲ. ಇದೇ ದೊಡ್ಡ ಅಪಾಯ.

ಜಗತ್ತಿನ ಲಿಪಿಗಳನ್ನೆಲ್ಲ ಪೂರ್ವಪರೀಕ್ಷೆಯಲ್ಲಿ ತುಂಬಿದರೆ ಕಟ್ಟುವ ಕೆಲಸ ಎಳೆದಾಡುತ್ತದೆಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಎಲ್ಲ ತಂತ್ರಾಂಶಗಳಿಗೂ ಇದು ಬೇಕೆಂದು ನಾವು ಹೇಳುವುದಿಲ್ಲ. ಆದರೆ ಕನ್ನಡ ಬರಹವನ್ನು ಹುಡುಕುವ, ವಿಂಗಡಿಸುವ ತಂತ್ರಾಂಶಕ್ಕಾದರೂ ಒತ್ತಕ್ಷರವುಳ್ಳ ನಾಲ್ಕಾರು ಪದಗಳ ಪರೀಕ್ಷೆ ಕಡ್ಡಾಯವಾಗಬೇಕು. ಯಾವ ಎಣಿಕೆ ಬೇಕೆಂಬುದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಅದಕ್ಕೆ ತಗಲುವ ಕಾಲ ಕಣ್ಣೆವೆ ಮಿಟುಕಿಸುವಷ್ಟು.

ಆ ಪದಗಳನ್ನು ಒದಗಿಸುವ ಹೊಣೆ ನಮ್ಮದು. ರೇಫ ಎಲ್ಲಿ ಕೂಡುತ್ತದೆ, ಒತ್ತು ಹೇಗೆ ಇಳಿಯುತ್ತದೆ ಎಂಬುದನ್ನು ದೂರದೇಶದ ತಂತ್ರಜ್ಞನು ತಾನಾಗಿ ಅರಿಯಲಾರ. ಗ್ನೂಲಿಬ್, ಪೈಥಾನ್‌ಗಳ ಮೂಲಪಾಠ ಎಲ್ಲರಿಗೂ ತೆರೆದಿದೆ. ಪರೀಕ್ಷೆಗಳನ್ನು ಬರೆದು ಕಳುಹಿಸುವ ಅವಕಾಶವೂ ಇದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೊಳ್ಳಲಿ. ಮೊದಲ ಪದವಾಗಿ ಸ್ವರ್ಣವಲ್ಲಿಯನ್ನೇ ಕೊಡಬಹುದು.