ಆಸ್ಪತ್ರೆಗೆ ಸೇರುವ ಮುನ್ನ ಪೂರಕ ಪೋಷಕಗಳು ಅವಶ್ಯವೆ?

ಮೂಗೂರಿನಂಥ ಊರಿನಿಂದ ಶಸ್ತ್ರಚಿಕಿತ್ಸೆಗಾಗಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹೊರಡುವವರಿಗೆ ದಿನ ಗೊತ್ತಾದೊಡನೆ, ಬಂಧುಗಳು ಮಾತ್ರೆ, ಲೇಹ್ಯ, ಪುಡಿಗಳನ್ನು ಸೂಚಿಸತೊಡಗುವರು. ವಾಸಿಮಾಡಿಕೊಳ್ಳಲು ಹೋದ ಸ್ಥಳದಲ್ಲಿಯೇ ಹೊಸ ಸೋಂಕು ತಗಲೀತೆಂಬ ಭೀತಿಯೇ ಈ ಸಲಹೆಗಳ ಮೂಲ. ಇಂಥ ಸಿದ್ಧತೆ ಸಾಧುವೆ?

ಪರ

ಶಸ್ತ್ರಚಿಕಿತ್ಸೆಯು ದೇಹಕ್ಕೆ ಮಹಾಶ್ರಮವನ್ನು ತಂದೊಡ್ಡುವುದರಿಂದ, ಪೂರ್ವಸಿದ್ಧತೆಯಿಲ್ಲದೆ ಅದಕ್ಕೆ ಒಳಗಾಗುವುದು ವಿವೇಕವಲ್ಲ. ಕೊಯ್ದ ಗಾಯ ಕೂಡಿಕೊಳ್ಳುವುದಕ್ಕೆ ಪ್ರೋಟೀನೂ ಸಿ ಜೀವಸತ್ತ್ವವೂ, ರೋಗಾಣುಗಳನ್ನೆದುರಿಸುವ ಬಿಳಿಯ ರಕ್ತಕಣಗಳಿಗೆ ಸತುವೂ ಬೇಕೆಂಬುದು ನಿರ್ವಿವಾದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರಾಗಿರುವಾಗ, ಗದ್ದೆಯಲ್ಲಿ ದುಡಿದು ಮನೆಮಂದಿಯೆಲ್ಲ ಉಂಡಮೇಲೆ ಉಳಿದುದನ್ನುಣ್ಣುವ ತಾಯಿಯೊಬ್ಬಳಿಗೆ, ಊಟದಲ್ಲಿಯೇ ಎಲ್ಲವೂ ದೊರೆಯುವುದೆಂದು ಹೇಳಿ ಸುಮ್ಮನಾಗುವುದು ನಿರ್ದಯೆಯಲ್ಲವೆ? ಕೃಶರಾದ ರೋಗಿಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಬಹುಪೋಷಕಯುಕ್ತ ಆಹಾರವನ್ನು ಕೊಡುವ ವಿಷಯವನ್ನು ಪರ್ಯಾಲೋಚಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2016ರಲ್ಲಿ ಸೂಚಿಸಿತು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಮಿಕ್ಕ ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಿತಕರ ಸೂಕ್ಷ್ಮಾಣುಗಳ ಸೇವನೆಯಿಂದ ರಕ್ತದ ಸೋಂಕು, ಮರಣಗಳ ಒಟ್ಟು ಪ್ರಮಾಣವು ಗಣನೀಯವಾಗಿ ತಗ್ಗಿತು. 1913ರಷ್ಟು ಹಿಂದೆಯೇ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ಈ ಸೀಮೆಯಲ್ಲಿ, ವ್ಯಾಧಿಗೆ ಮುನ್ನವೇ ದೇಹಬಲವನ್ನು ಸಂಚಯಿಸಬೇಕೆಂಬ ಆಯುರ್ವೇದದ ರಸಾಯನತತ್ತ್ವ ಜನರಿಗೆ ಅಪರಿಚಿತವೇನಲ್ಲ.

ವಿರೋಧ

ರಕ್ತಹೀನತೆಗೆ ಕಬ್ಬಿಣಾಂಶವನ್ನೂ ಕೃಶನಿಗೆ ಪುಷ್ಟಿಯನ್ನೂ ವೈದ್ಯರು ಪರೀಕ್ಷಿಸಿ ಕೊಟ್ಟರೆ ಅದು ಚಿಕಿತ್ಸೆ. ಅದನ್ನು ಯಾರೂ ವಿರೋಧಿಸರು. ಕೊರತೆಯ ನಿವಾರಣೆಯಿಂದಾಗುವ ಪ್ರಯೋಜನವನ್ನು ಕೊರತೆಯಿಲ್ಲದವರಿಗೂ ಆರೋಪಿಸುವುದೇ ಪ್ರತಿಪಕ್ಷದ ತರ್ಕದೋಷ. ಶಿಶುಗಳಲ್ಲಿ ಕಂಡ ಫಲವು ಶಸ್ತ್ರಚಿಕಿತ್ಸೆಗೆ ಹೊರಟ ವಯಸ್ಕರಲ್ಲಿಯೂ ಕಾಣುವುದೆಂಬುದಕ್ಕೆ ಆಧಾರವಿಲ್ಲ. ಅಧಿಕವಾದುದೆಲ್ಲ ಹಿತವೆಂಬ ಊಹೆಯೂ ನಿಲ್ಲದು: ತೀವ್ರ ಅಸ್ವಸ್ಥರಿಗೆ ಗ್ಲುಟಮೈನ್ ಎಂಬ ಅಮೈನೋ ಆಮ್ಲವನ್ನು ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮರಣಗಳು ಹೆಚ್ಚಿದವು, ಸೋಂಕಿನಿಂದ ಜರ್ಜರಿತರಾದವರ ರಕ್ತನಾಳಕ್ಕೆ ಸಿ ಜೀವಸತ್ತ್ವವನ್ನು ಹಾಯಿಸಿದ 2022ರ ಪ್ರಯೋಗದಲ್ಲಿಯೂ ಅಹಿತವೇ ಅಧಿಕವಾಯಿತು. ಬೆಳ್ಳುಳ್ಳಿಯ ಗುಳಿಗೆಯೂ ಗಿಂಕೋ ಎಂಬ ಮೂಲಿಕೆಯೂ ರಕ್ತಸ್ರಾವವನ್ನು ಹೆಚ್ಚಿಸಬಹುದು. ಅಶ್ವಗಂಧವು ಅರಿವಳಿಕೆಯ ಮಂಪರನ್ನು ಗಾಢಗೊಳಿಸಬಹುದು. ಸಕ್ಕರೆ ತುಂಬಿದ ಲೇಹ್ಯ ಮಧುಮೇಹಿಗೆ ಗಾಯದ ಸೋಂಕನ್ನೇ ಆಹ್ವಾನಿಸಬಹುದು. ಇವನ್ನು ಸೇವಿಸುತ್ತಿರುವುದನ್ನು ವೈದ್ಯರಿಂದ ಮರೆಮಾಚುವುದಂತೂ ಮತ್ತಷ್ಟು ಅಪಾಯ.

ಸೋಂಕು ಬಹುಮಟ್ಟಿಗೆ ಕೈಗಳಿಂದಲೂ ಉಪಕರಣಗಳಿಂದಲೂ ರೋಗಿಯ ಸ್ವಂತ ಚರ್ಮದಿಂದಲೂ ಬರುವುದೆಂಬುದನ್ನು ಮನಗಂಡರೆ ನಿಜವಾದ ಸಿದ್ಧತೆ ಯಾವುದೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ರೋಗಾಣುಸಿದ್ಧಾಂತ ಸ್ಥಿರಪಡುವುದಕ್ಕೂ ಮುನ್ನ, 1847ರಲ್ಲಿ, ವಿಯೆನ್ನಾದ ಆಸ್ಪತ್ರೆಯೊಂದರ ವೈದ್ಯ ಸೆಮ್ಮೆಲ್‌ವೈಸ್ ಇತರ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿ ಪ್ರಸೂತಿ ಜ್ವರದ ಮರಣಗಳನ್ನು ಬಹಳವಾಗಿ ಇಳಿಸಿದನಷ್ಟೆ. ಆದುದರಿಂದ ನಾಲ್ಕು ವಾರ ಮೊದಲೇ ಬೀಡಿ ತಂಬಾಕುಗಳನ್ನು ತ್ಯಜಿಸಿ, ರಕ್ತದ ಸಕ್ಕರೆಯನ್ನು ಹತೋಟಿಗೆ ತಂದು, ಶಸ್ತ್ರಚಿಕಿತ್ಸೆಗೆ ಮುನ್ನ ಸಾಬೂನಿನಿಂದ ಸ್ನಾನ ಮಾಡಿ, ಕೊಯ್ಯುವ ಸ್ಥಳದ ರೋಮವನ್ನು ಮನೆಯಲ್ಲಿ ಕ್ಷೌರಮಾಡಿಕೊಳ್ಳದೆ, ಪ್ರತಿಜೈವಿಕವನ್ನು ಛೇದನಕ್ಕೆ ಹಿಂದಿನ 120 ನಿಮಿಷಗಳೊಳಗೆ ಕೊಡಲಾಗುವುದೇ ಎಂದು ವಿಚಾರಿಸಿಕೊಂಡು ಹೋಗುವವನೇ ಸನ್ನದ್ಧನು. ಶಸ್ತ್ರಚಿಕಿತ್ಸೆಯ ತರುವಾಯ, ಹಾಕಿರುವ ಮೂತ್ರನಳಿಕೆಯನ್ನು ಇಂದು ತೆಗೆಯಬಹುದೇ ಎಂದು ಪ್ರತಿದಿನವೂ ಕೇಳುವುದೂ ಈ ಸಿದ್ಧತೆಯ ಮುಂದುವರಿಕೆಯೇ. ಬೆಲೆಬಾಳುವ ಪೋಷಕಪುಡಿಯ ಡಬ್ಬಿಗೆಂದು ಸಾಲ ಮಾಡುವ ಬಡ ಕುಟುಂಬ ಆ ಹಣದಲ್ಲಿ ಮೊಟ್ಟೆ, ಕಾಳು, ಹಾಲುಗಳನ್ನು ಕೊಳ್ಳಲಿ. ಮಂಚದ ಬಳಿಗೆ ಬರುವ ನೆಂಟನಾಗಲಿ ದಾದಿಯಾಗಲಿ ವೈದ್ಯನೇ ಆಗಲಿ, ಕೈ ತೊಳೆದಿರಾ ಎಂದು ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು ಎಂಬುದನ್ನು ಪ್ರತಿಯೊಬ್ಬ ಶುಶ್ರೂಷಕನೂ ಅರಿತಿರಲಿ.