ಗೆರೆಯ ಈಚೆಯ ಜನ

ಕಲಾವಿಭಾಗದ ವಿದ್ಯಾರ್ಥಿಗೆ ಬೀಜಗಣಿತವೇಕೆ ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿ ಕಡಮೆಯಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಕರಿಹಲಗೆಯ ಮೇಲೆ ಎರಡು ಅಕ್ಷಗಳು ಮೂಡಿದರೆ ಸಾಕು, ಹಿಂದಿನ ಬೆಂಚುಗಳಲ್ಲಿ ನಿಟ್ಟುಸಿರು ಕೇಳಿಸುತ್ತದೆ. ಈ ಭೀತಿ ಅಕಾರಣವಾದುದು. ರೇಖಾತ್ಮಕ ಅಸಮತೆಯ ಪಾಠವಂತೂ ಗಣಿತದವರಿಗಿಂತ ನಮಗೇ ಹೆಚ್ಚು ಬೇಕೆಂದು ನನ್ನ ಅಭಿಪ್ರಾಯ.

ಸಮೀಕರಣ 'ಇಷ್ಟೇ' ಎನ್ನುತ್ತದೆ. ಅಸಮತೆ 'ಇಷ್ಟರೊಳಗೆ' ಎನ್ನುತ್ತದೆ. ಲೋಕದ ಕಟ್ಟಳೆಗಳು ಬಹುಪಾಲು ಎರಡನೆಯ ಮಾತನ್ನೇ ಆಡುತ್ತವೆ. ಲಿಂಗನಮಕ್ಕಿಯ ನೀರು 1819 ಅಡಿಯ ಮಟ್ಟ ಮೀರಬಾರದೆಂಬುದೂ ಒಂದು ಅಸಮತೆಯೇ. (ಆ ಮಟ್ಟದೊಳಗೆ ಮುಳುಗಿದ ನಮ್ಮ ಸೀಮೆಯ ಊರುಗಳ ಕಥೆ ಬೇರೆ.)

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭೂಸುಧಾರಣಾ ಕಾಯಿದೆ. ಅದರ 1974ರ ತಿದ್ದುಪಡಿ ಐದು ಜನರವರೆಗಿನ ಕುಟುಂಬಕ್ಕೆ ಗೊತ್ತುಮಾಡಿದ ಮಿತಿ ಹತ್ತು ಯೂನಿಟ್ಟು. ಎರಡು ಬತ್ತದ ಬೆಳೆಗೆ ಸಾಕಷ್ಟು ನೀರಿರುವ ಮೊದಲ ದರ್ಜೆಯ ಜಮೀನು ಒಂದೆಕರೆಯಾದರೆ ಒಂದು ಯೂನಿಟ್ಟು. ಕೊನೆಯ ದರ್ಜೆಯ ಖುಷ್ಕಿಯಾದರೆ 5.4 ಎಕರೆಗೆ ಒಂದು. ಮೊದಲನೆಯದನ್ನು ಕ್ಷ ಎಂದೂ ಎರಡನೆಯದನ್ನು ಯ ಎಂದೂ ಕರೆದರೆ, 5.4ಕ್ಷ + ಯ ≤ 54. ಅಡ್ಡ ಅಕ್ಷದಲ್ಲಿ 10, ಲಂಬ ಅಕ್ಷದಲ್ಲಿ 54. ಎರಡನ್ನೂ ಅಡಿಪಟ್ಟಿಯಿಂದ ಕೂಡಿಸಿರಿ. ಆರೆಕರೆ ತರಿಯೂ 21 ಎಕರೆ ಖುಷ್ಕಿಯೂ ಇದ್ದವನು ಗೆರೆಯ ಈಚೆ. ಅದೇ ಆರೆಕರೆಯ ಜೊತೆಗೆ 30 ಎಕರೆ ಖುಷ್ಕಿ ಇದ್ದವನು ಆಚೆ. 'ಅಥವಾ ಸಮ' ಎಂದಿರುವುದರಿಂದ ಗೆರೆಯ ಮೇಲಿರುವವನೂ ಒಳಗಿನವನೇ. ಆದ್ದರಿಂದ ಗೆರೆಯನ್ನು ತುಂಡು ತುಂಡಾಗಿ ಎಳೆಯದೆ ಇಡಿಯಾಗಿ ಎಳೆಯಬೇಕು.

ಯಾವ ಪಕ್ಕಕ್ಕೆ ಬಣ್ಣ ಹಚ್ಚಬೇಕೆಂದು ತಿಳಿಯಲು ಮೂಲಬಿಂದುವನ್ನು ಪರೀಕ್ಷಿಸಿರಿ ಎನ್ನುತ್ತದೆ ಪುಸ್ತಕ. ಕ್ಷ ಸೊನ್ನೆ, ಯ ಸೊನ್ನೆ; ಸೊನ್ನೆ 54ಕ್ಕಿಂತ ಕಡಮೆ. ಸರಿ, ಬಣ್ಣ ಈಚೆಗೆ. ಪುಸ್ತಕ ಅಲ್ಲಿಗೆ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ನನಗೆ ಹೋಗಲು ಮನಸ್ಸಾಗದು. ಕ್ಷ ಸೊನ್ನೆ, ಯ ಸೊನ್ನೆ ಎಂದರೆ ಯಾರು? ಒಂದು ಗುಂಟೆಯೂ ಇಲ್ಲದ ಕೂಲಿಯವನ ಸಂಸಾರ. ಅದೂ ಮಿತಿಯನ್ನು ನಿಷ್ಠೆಯಿಂದ ಪಾಲಿಸಿದೆ! ಕಾಯಿದೆ ಮೇಲೊಂದು ಗೆರೆ ಎಳೆಯಿತು, ಕೆಳಗೆ ಎಳೆಯಲಿಲ್ಲ.

ಗೇಣಿದಾರನಿಗೆ ನೆಲ ಸಿಕ್ಕಿದ್ದು ಈ ಗೆರೆಯಿಂದಲ್ಲ, ಗೇಣಿ ಜಮೀನುಗಳನ್ನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿಸಿ ಸಾಗುವಳಿದಾರನಿಗೆ ಹಕ್ಕು ಕೊಡಿಸಿದ ಬೇರೆ ಕಲಮುಗಳಿಂದ. ನನ್ನ ಅಜ್ಜ ಹಾಗೆ ಅರ್ಜಿ ಹಾಕಿ ಎರಡೆಕರೆಗೂ ಕಡಮೆ ಗದ್ದೆ ಪಡೆದವರು; ನಾನು ಬಿ.ಎ. ತರಗತಿಯಲ್ಲಿ ಕುಳಿತಿರುವುದು ಅದರ ಬಲದಿಂದಲೇ. ನಕ್ಷೆಯಲ್ಲಿ ಅವರ ಚುಕ್ಕೆ ಮೂಲಬಿಂದುವಿಗೆ ಅಂಟಿಕೊಂಡಂತಿದೆ. ಗೇಣಿಯೂ ಇಲ್ಲದೆ ಕೂಲಿಗೆ ಬರುತ್ತಿದ್ದವರ ಚುಕ್ಕೆ ಮೂಲದಲ್ಲೇ ಉಳಿಯಿತು.

ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದೆಂಬುದೂ ಜಗಳದ ವಿಷಯವಾಗಿತ್ತು. ಲೆಕ್ಕ ತಮಗೆ ಸಂಬಂಧಿಸಿದ್ದಲ್ಲವೆಂದು ಅವರು ಹೇಳಲಿಲ್ಲ.

ಮುಂದಿನ ವರ್ಷ ನಮ್ಮ ಅಧ್ಯಾಪಕರು ಕಿತ್ತಳೆ, ಮಾವುಗಳ ಲೆಕ್ಕ ಬಿಟ್ಟು ಈ ಲೆಕ್ಕವನ್ನು ಕೊಡಲೆಂದು ಕೋರುತ್ತೇನೆ. ಕೆಳಗಿನ ಗೆರೆ ಎಲ್ಲಿರಬೇಕೆಂದು ಕೇಳಿದರೆ ಇಪ್ಪತ್ತು ವಿದ್ಯಾರ್ಥಿಗಳು ಇಪ್ಪತ್ತು ಗೆರೆ ಎಳೆದಾರು, ಎಳೆಯಲಿ.