ಹಳೆಯ ಮೋಟಾರು ಗಾಡಿಯ ಬೀಸಣಿಗೆ



ಈ ತಿಂಗಳು ಯಂತ್ರದ ವಿಷಯವೊಂದನ್ನು ಎತ್ತಿಕೊಂಡಿರುವೆನು. ಯಂತ್ರವೆಂದೊಡನೆ ಗೃಹಿಣಿಯರು ಪುಟವನ್ನು ಮಗುಚಬಾರದೆಂದು ಮೊದಲೇ ಪ್ರಾರ್ಥಿಸುತ್ತೇನೆ. ಏಕೆಂದರೆ ಈ ಪ್ರಸಂಗದಲ್ಲಿ ಕಡೆಯ ತೀರ್ಪನ್ನು ಕೊಟ್ಟವರು ಯಂತ್ರವನ್ನರಿತ ಗಂಡಸರಲ್ಲ, ನಮ್ಮ ಸೋದರತ್ತೆಯವರು.

ನಮ್ಮ ಹಿರಿಯರ ಮನೆಯ ಕೊಟ್ಟಿಗೆಯಲ್ಲಿ ಫೋರ್ಡ್ ಕಂಪನಿಯ ‘ಎ’ ಮಾದರಿಯ ಮೋಟಾರು ಗಾಡಿಯೊಂದು ಬಹುಕಾಲದಿಂದ ನಿಂತಿತ್ತು. ಅಮೆರಿಕದ ಆ ಕಂಪನಿಯು 1908ರಿಂದ 1927ರವರೆಗೆ ‘ಟಿ’ ಮಾದರಿಯ ಗಾಡಿಗಳನ್ನು ಒಂದೂವರೆ ಕೋಟಿಯಷ್ಟು ತಯಾರಿಸಿ, ಬಳಿಕ 1927ರ ಡಿಸೆಂಬರಿನಲ್ಲಿ ಈ ‘ಎ’ ಮಾದರಿಯನ್ನು ಜನರ ಮುಂದಿಟ್ಟಿತು. ನಾಲ್ಕು ಸಿಲಿಂಡರುಗಳ, 40 ಅಶ್ವಶಕ್ತಿಯ ಈ ಗಾಡಿಗಳು ನಾಲ್ಕೇ ವರ್ಷಗಳಲ್ಲಿ 40 ಲಕ್ಷಕ್ಕೂ ಮೀರಿ ತಯಾರಾದುವು. ಕಂಪನಿಯು 1926ರಲ್ಲಿಯೇ ಭಾರತದಲ್ಲಿ ತನ್ನ ಶಾಖೆಯನ್ನು ತೆರೆದಿದ್ದುದರಿಂದ ನಮ್ಮ ಕಡೆಯ ಅನುಕೂಲಸ್ಥರಿಗೂ ಅವು ದೊರೆಯುತ್ತಿದ್ದುವು. ನಮ್ಮ ತಾತನವರು ಕೊಂಡದ್ದು ಅಂತಹುದೊಂದನ್ನು. ಈಗ ತೊಂಬತ್ತರ ಹೊಸ್ತಿಲಿನಲ್ಲಿರುವ ಸೋದರತ್ತೆಯವರು ಮದುವೆಯಾಗಿ ಗಂಡನ ಮನೆಗೆ ಹೊರಟದ್ದು ಆ ಗಾಡಿಯಲ್ಲಿಯೇ. “ಇನ್ನೊಂದು ಸಲ ಅದರಲ್ಲಿ ಕುಳಿತು ಊರ ದೇವಸ್ಥಾನಕ್ಕೆ ಹೋಗಿಬರಬೇಕು” ಎಂದು ಅವರು ಒಮ್ಮೆ ನುಡಿದದ್ದನ್ನು ನಮ್ಮ ಅಣ್ಣನ ಮಗನು ಮನಸ್ಸಿಗೆ ಹಚ್ಚಿಕೊಂಡು, ಗಾಡಿಯನ್ನು ಪೂರ್ವಸ್ಥಿತಿಗೆ ತರುವೆನೆಂದು ಸಂಕಲ್ಪಮಾಡಿದನು.

ಕೆಲಸವೆಲ್ಲ ಒಂದು ತೂಕವಾದರೆ ಬೀಸಣಿಗೆಯೇ ಒಂದು ತೂಕವಾಯಿತು. ಗಾಡಿಯು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರಿನ ನೀರನ್ನು ತಂಪುಮಾಡುವುದು. ಗಾಡಿ ನಿಂತಾಗಲೂ ಏರುದಾರಿಯಲ್ಲಿ ಮೆಲ್ಲಗೆ ಸಾಗುವಾಗಲೂ ಆ ಗಾಳಿ ಸಾಲದು. ಆಗ ರೇಡಿಯೇಟರಿನ ಮೂಲಕ ಗಾಳಿಯನ್ನು ಒಳಕ್ಕೆ ಸೆಳೆಯುವುದು ಬೀಸಣಿಗೆಯ ಕೆಲಸ. ಈ ಮಾದರಿಯಲ್ಲಿ ಅದು ನೀರಿನ ಪಂಪಿನ ದಂಡದ ತುದಿಯಲ್ಲಿ ಕುಳಿತು, ಇಂಜಿನ್ನಿನ ಬೆಲ್ಟಿನಿಂದ ತಿರುಗುವುದು. ವಿಮಾನದ ಮುಂದಿನ ತಿರುಗುರೆಕ್ಕೆಯಂತೆ ಅದಕ್ಕೆ ಇರುವುದು ಎರಡೇ ರೆಕ್ಕೆ.

ನಮ್ಮ ಗಾಡಿಯ ಬಾನೆಟ್ಟನ್ನು ತೆಗೆದು ನೋಡಿದರೆ, ಯಾವ ಕಾಲದಲ್ಲಿ ಯಾರು ಹಾಕಿದ್ದರೋ, ಬೇರಾವುದೋ ವಾಹನದ ನಾಲ್ಕು ರೆಕ್ಕೆಯ ಬೀಸಣಿಗೆಯಿತ್ತು. ಅದರ ಅಂಚು ರೇಡಿಯೇಟರನ್ನು ಸವರಿ ಗಾಯಮಾಡಿತ್ತು. “ನಿಜವಾದ ಬೀಸಣಿಗೆ ಸಿಕ್ಕುವವರೆಗೆ ಗಾಡಿ ಕದಲದು” ಎಂದನು ಹುಡುಗನು. ಹಳೆಯ ಬಿಡಿಭಾಗಗಳ ಪಟ್ಟಿಯನ್ನು ತರಿಸಿ ಓದಿ ಅದರ ಸಂಖ್ಯೆಯನ್ನು ಕಂಡುಹಿಡಿದನು: ಎ-8600. ಮೊದಲಿನ ಅಕ್ಷರವು ಮಾದರಿಯನ್ನು ತಿಳಿಸಿದರೆ, 8600 ಎಂಬುದು ಫೋರ್ಡ್ ಗಾಡಿಗಳಲ್ಲಿ ಬೀಸಣಿಗೆಗೆ ಸಲ್ಲುವ ಅಂಕೆ. ಸಂಖ್ಯೆ ತಿಳಿದರೆ ಅರ್ಧ ಹುಡುಕಿದಂತೆ. ಬಾಯಿಮಾತಿನಲ್ಲಿ “ಫೋರ್ಡಿನ ಫ್ಯಾನು” ಎಂದು ಕೇಳಿಕೊಂಡು ಹೊರಟವನಿಗೆ ಕಂಡಕಂಡ ಫೋರ್ಡಿನ ಬೀಸಣಿಗೆಯೆಲ್ಲ ಕೈಸೇರುವುದು.

ಹಲವು ತಿಂಗಳು ಅಲೆದಮೇಲೆ ಗುಜರಿ ಅಂಗಡಿಯೊಂದರಲ್ಲಿ ಎರಡು ರೆಕ್ಕೆಯ ಬೀಸಣಿಗೆ ದೊರೆಯಿತು. ಆಕಾರ ಸರಿಯಾಗಿತ್ತು, ದಂಡಕ್ಕೂ ಕೂಡಿತು, ಕರಿಯ ಬಣ್ಣ ಹೊಳೆಯುತ್ತಿತ್ತು. ಹುಡುಗನು ಕೇಳಿದಷ್ಟು ಹಣವನ್ನು ಕೊಟ್ಟು, ಹಬ್ಬದ ಸಡಗರದಿಂದ ಮನೆಗೆ ತಂದನು.

ನಮ್ಮ ವೃದ್ಧ ಮೇಸ್ತ್ರಿಗಳು ಅದನ್ನು ಕೈಯಲ್ಲಿ ಹಿಡಿದು, “ಮೊದಲು ಬಣ್ಣ ತೆಗೆಯೋಣ” ಎಂದರಷ್ಟೆ. ಬಣ್ಣವನ್ನು ಕೆರೆದ ಬಳಿಕ ಕೆಂಪು ದ್ರವವನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ಲೇಪವನ್ನು ಸಿಂಪಡಿಸಿದರು. ಬಿರುಕಿದ್ದಲ್ಲಿ ಒಳಗಿಳಿದ ಬಣ್ಣವು ಬಿಳಿಯ ಮೇಲೆ ಮೂಡಿ ಬರುವುದು. ರೆಕ್ಕೆಯು ಗುಂಬಕ್ಕೆ ಕೂಡುವೆಡೆಯಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆಯೊಂದು ನಮ್ಮೆಲ್ಲರ ಕಣ್ಣೆದುರಿಗೆ ಮೂಡಿತು.

ಇದರ ಕಾರಣವನ್ನು ಅವರು ತಿಳಿಸಿದರು. ಈ ಬೀಸಣಿಗೆಯ ರೆಕ್ಕೆಯು ಒಂದೇ ಗಟ್ಟಿ ಲೋಹವಲ್ಲ; ಉಕ್ಕಿನ ಎರಡು ತಗಡುಗಳನ್ನು ಒತ್ತಿ ಬೆಸೆದದ್ದು. ನಡುವೆ ಪೊಳ್ಳು. ತೇವವು ಅಲ್ಲಿಗೆ ಸೇರಿದರೆ ತುಕ್ಕು ಒಳಗಿನಿಂದ ತಿನ್ನುತ್ತ ಬರುವುದು. ಹೊರಗಿನ ಮೈ ಮಾತ್ರ ನುಣುಪಾಗಿಯೇ ಕಾಣುವುದು. ಅದರ ಜೊತೆಗೆ ಲಕ್ಷಾಂತರ ಸುತ್ತುಗಳ ಅದುರುವಿಕೆಯಿಂದ ಲೋಹವು ಆಯಾಸಗೊಳ್ಳುವುದು. ಒಂದು ದಿನ ತಿರುಗುತ್ತಿರುವಾಗಲೇ ರೆಕ್ಕೆ ಕಳಚಿ, ರೇಡಿಯೇಟರನ್ನು ಸೀಳಿ, ಬಾನೆಟ್ಟನ್ನು ತೂರಿಕೊಂಡು ಹೊರಬೀಳುವುದು. ಈ ಮಾದರಿಯ ಗಾಡಿಗಳನ್ನು ಸಾಕುವವರಲ್ಲಿ ಇದು ಎಲ್ಲರೂ ಬಲ್ಲ ಸಂಗತಿ. ಕೆಲವು ವರ್ಷಗಳ ಬಳಕೆಗೆಂದು ಮಾಡಿದ ತಗಡನ್ನು ನಾವು ತೊಂಬತ್ತು ವರ್ಷಗಳ ಮೇಲೆಯೂ ತಿರುಗಿಸಹೊರಟರೆ, ತಪ್ಪು ಮಾಡಿದವರದಲ್ಲ, ನಮ್ಮದು.

ಹುಡುಗನ ಮುಖ ಬಾಡಿತು. ಬಿರುಕನ್ನು ಬೆಸೆದು ಹಾಕಿಬಿಡೋಣವೆಂದನು. ಒಳಗಿನ ತುಕ್ಕು ಎಲ್ಲೆಲ್ಲಿ ತಿಂದಿರುವುದೋ ಕಾಣದಿರುವಾಗ ಬೆಸುಗೆಯನ್ನು ನೆಚ್ಚಲಾಗದೆಂದು ಮೇಸ್ತ್ರಿಗಳು ಒಪ್ಪಲಿಲ್ಲ. ಮೂಲದ ಆಕಾರದಲ್ಲಿಯೇ, ಅಲ್ಯೂಮಿನಿಯಮ್ಮಿನಲ್ಲಿ ಒಂದೇ ತುಂಡಾಗಿ ಎರಕಹೊಯ್ದ ಹೊಸ ಬೀಸಣಿಗೆಗಳು ಅಮೆರಿಕದಲ್ಲಿ ದೊರೆಯುವುವು, ಕರಿಯ ಬಣ್ಣ ಬಳಿದರೆ ದೂರದಿಂದ ಭೇದ ತಿಳಿಯದು, ಅದನ್ನು ತರಿಸೆಂದರು. “ಹಾಗಾದರೆ ಅದು ತಾತನ ಗಾಡಿ ಹೇಗಾದೀತು? ಸುಳ್ಳು ಗಾಡಿಯಾಗುವುದು” ಎಂದು ಹುಡುಗನು ಹಟಹಿಡಿದನು. ಅವನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಅಮೆರಿಕದಲ್ಲಿ 1952ರಲ್ಲಿ ಈ ಮಾದರಿಗಾಗಿಯೇ ಸಂಘವೊಂದು ಹುಟ್ಟಿತು. ಯಾವ ಭಾಗ ಹೇಗಿರಬೇಕೆಂದು ವಿವರಿಸುವ ತೀರ್ಪುಗಾರರ ಕೈಪಿಡಿಯೇ ಇರುವುದು. ಸರಿಯಾದದ್ದನ್ನೇ ಹುಡುಕಬೇಕೆಂಬ ಹಂಬಲವು ಹಿರಿಯರ ಕೈಕೆಲಸಕ್ಕೆ ತೋರುವ ಗೌರವ.

ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಆಲಿಸುತ್ತಿದ್ದ ಸೋದರತ್ತೆಯವರು ಆಗ ಅವನನ್ನು ಬಳಿಗೆ ಕರೆದರು.

“ಅಟ್ಟದ ಮೇಲಿನ ತೊಟ್ಟಿಲು ನೋಡಿದ್ದೀಯಲ್ಲಪ್ಪಾ. ಅದರಲ್ಲಿ ನಿಮ್ಮ ತಾತ ಮಲಗಿದ್ದ, ನಿಮ್ಮಪ್ಪ ಮಲಗಿದ್ದ, ನೀನೂ ಮಲಗಿದ್ದೆ. ಹಗ್ಗ ಮಾತ್ರ ಒಂದೊಂದು ಬಾಣಂತನಕ್ಕೂ ಹೊಸದು. ಹಳೇ ಹಗ್ಗವೇ ಇರಲಿ ಅಂತ ಯಾರೂ ಹಟ ಮಾಡಲಿಲ್ಲ. ಅದಕ್ಕೇ ಅದು ಬೇರೆ ತೊಟ್ಟಿಲಾಯಿತೇನು?”

ಹುಡುಗನು ಮಾತನಾಡಲಿಲ್ಲ. ಅವರೇ ಮುಂದುವರಿಸಿದರು: “ಹೊಸದು ಅಂತ ಬಾವಿಯ ಹಗ್ಗವನ್ನೂ ಕಟ್ಟಲಿಲ್ಲ, ಮತ್ತೆ. ತೊಟ್ಟಿಲಿಗೆ ಯಾವುದು ಸರಿಯೋ ಅದನ್ನೇ ಕಟ್ಟಿದರು.”

ಆ ಎರಡು ಮಾತುಗಳಲ್ಲಿ ನಮ್ಮ ಚರ್ಚೆಯೆಲ್ಲವೂ ಅಡಗಿತ್ತು. ಸಿಕ್ಕಿದ್ದನ್ನು ಹಾಕಿದವನ ನಾಲ್ಕು ರೆಕ್ಕೆಯ ಬೀಸಣಿಗೆಯು ಬಾವಿಯ ಹಗ್ಗ. ಬಿರುಕುಬಿಟ್ಟ ಮೂಲ ಬೀಸಣಿಗೆಯು ಸವೆದ ಹಗ್ಗ. ಎರಡನ್ನೂ ನಂಬಿ ಜೀವವನ್ನು ಒಪ್ಪಿಸಲಾಗದು.

ಹಳೆಯ ವಾಹನವನ್ನು ಮನೆಯಲ್ಲಿ ಉಳಿಸಿಕೊಂಡಿರುವ ವಾಚಕರಿಗೆ ಇಷ್ಟನ್ನು ಬಿನ್ನವಿಸುವೆನು. ಬಿಡಿಭಾಗದ ಸಂಖ್ಯೆಯನ್ನು ತಿಳಿದೇ ಹುಡುಕಲು ಹೊರಡಿರಿ. ಹೊಸ ಬಣ್ಣವನ್ನು ಕಂಡು ಮರುಳಾಗದೆ, ಅದನ್ನು ತೆಗೆಸಿ ಬಿರುಕನ್ನು ಪರೀಕ್ಷಿಸಿರಿ. ಬೀಸಣಿಗೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಎರಡು ರೆಕ್ಕೆಗಳೂ ಒಂದೇ ಗೆರೆಯಲ್ಲಿ ಸಾಗುವುವೋ, ರೇಡಿಯೇಟರಿಗೆ ತಾಗದಿರುವುವೋ ನೋಡಿರಿ. ಹಿಂದುಮುಂದಾಗಿ ಕೂರಿಸಿದರೆ ಗಾಳಿಯನ್ನು ಚೆನ್ನಾಗಿ ಸೆಳೆಯದು. ಇಂಜಿನ್ನು ನಡೆಯುತ್ತಿರುವಾಗ ಬಾನೆಟ್ಟನ್ನು ತೆರೆದು ಬೀಸಣಿಗೆಯ ಪಕ್ಕಕ್ಕೆ ನಿಲ್ಲಬೇಡಿರಿ; ಮಕ್ಕಳನ್ನಂತೂ ನಿಲ್ಲಗೊಡಲೇಬೇಡಿರಿ. ಬದಲಾಯಿಸಿದ ಭಾಗ ಯಾವುದೆಂಬುದನ್ನು ಬರೆದಿಡಿರಿ. ಬರೆದಿಟ್ಟರೆ ಅದು ಸುಳ್ಳಾಗದು, ಮುಂದಿನವರಿಗೆ ಲೆಕ್ಕವಾಗುವುದು.

ಎರಕದ ಬೀಸಣಿಗೆಯು ಬಂದು ಕೂಡಿತು. ಬಿರುಕಿನ ಬೀಸಣಿಗೆಯನ್ನು ಹುಡುಗನು ಕೊಟ್ಟಿಗೆಯ ಗೋಡೆಗೆ ತೂಗುಹಾಕಿ, ಕೆಂಪು ಗೆರೆಯನ್ನು ಹಾಗೆಯೇ ಉಳಿಸಿ, ಕೆಳಗೆ ಚೀಟಿಯೊಂದನ್ನು ಅಂಟಿಸಿದ್ದಾನೆ. ಕಳೆದ ತಿಂಗಳ ಒಂದು ಮುಂಜಾನೆ ಸೋದರತ್ತೆಯವರು ರೇಷ್ಮೆಯ ಸೀರೆಯನ್ನುಟ್ಟು ಆ ಗಾಡಿಯಲ್ಲಿ ದೇವಸ್ಥಾನಕ್ಕೆ ಹೋಗಿಬಂದರು. ದಿಣ್ಣೆಯ ದಾರಿಯನ್ನು ಏರಿದರೂ ರೇಡಿಯೇಟರಿನ ನೀರು ಕುದಿಯಲಿಲ್ಲ. ಇಳಿದವರು ಬಾನೆಟ್ಟಿನ ಮೇಲೆ ಕೈಯಿಟ್ಟು, “ಆಗಲೂ ಇಷ್ಟೇ ಸದ್ದು ಮಾಡುತ್ತಿತ್ತು” ಎಂದು ನಕ್ಕು ಒಳಗೆ ಹೋದರು.